ಲೆಂಬಿಟ್‌ನ ಎತ್ತರ

ಹನ್ನೊಂದು ವರ್ಷ ನಾನು ಕೂತದ್ದು
ಲೆಂಬಿಟ್‌ನ ಎತ್ತರದಲ್ಲಿ.

ಬಾಗಿಲಲ್ಲಿ ತಲೆ ತಗ್ಗಿಸಿ ಬರುತ್ತಿದ್ದ ಮನುಷ್ಯ ಅವನು.
ನಾನೋ, ಟಾರ್ಟುವಿನ ಬಸ್ಸಿನಲ್ಲಿ
ಮೇಲಿನ ಹಿಡಿಕೆ ಎಟುಕದವಳು.
ನಿವೃತ್ತನಾಗುವಾಗ ಬಿಟ್ಟುಹೋದ
ಕಿವಿ ಅಂಟಿಸಿದ ಒಂದು ಕಪ್ಪು, ಕಿಟಕಿಯ ಜೆರೇನಿಯಂ,
ಮತ್ತು ಈ ಕುರ್ಚಿ.
ಸನ್ನೆ ಎಳೆದರೆ ಇಳಿಯುತ್ತದೆಂದು ಗೊತ್ತಿತ್ತು.
ಎಳೆಯಲಿಲ್ಲ.
ನೆಂಟರ ಮನೆಯ ಗಡಿಯಾರ ತಪ್ಪು ತೋರಿಸಿದರೂ
ನಾವು ಮುಳ್ಳು ತಿರುಗಿಸುವುದಿಲ್ಲವಲ್ಲ, ಹಾಗೆ.

ಕೆಲಸ ಇಷ್ಟೇ: ಹಳೇ ಇಗರ್ಜಿಗಳ ದಫ್ತರ ಓದಿ
ಪರದೆಯ ಚೌಕಗಳಿಗೆ ತುಂಬುವುದು.
ಹೆಸರು. ಒಕ್ಕಲು. ತಾರೀಖು. ಕಾರಣ.
ಜ್ವರ. ಜ್ವರ. ಹೆರಿಗೆ. ಸಿಡುಬು.
ಒಡೆದ ಮಂಜಿನ ಕೆಳಗೆ ನದಿ.
ದಿನಕ್ಕೆ ನೂರೈವತ್ತು ಮಂದಿ
ನನ್ನ ಬೆರಳ ತುದಿಯಿಂದ ದಾಟಿಹೋದರು,
ಸುಂಕ ಕಟ್ಟದೆ ಅಂದುಕೊಂಡಿದ್ದೆ.

ಮೊದಲು ಜೋಮು.
ಹೆಬ್ಬೆರಳು, ತೋರುಬೆರಳು, ನಡುಬೆರಳು,
ಉಂಗುರಬೆರಳಿಗೆ ಅರ್ಧ ಮಾತ್ರ,
ಅಣ್ಣತಮ್ಮಂದಿರು ಗದ್ದೆ ಹಂಚಿಕೊಂಡಷ್ಟು ಕರಾರುವಾಕ್ಕಾಗಿ.
ನಡುರಾತ್ರಿ ಎದ್ದು ಕೈ ಝಾಡಿಸುತ್ತಿದ್ದೆ
ಥರ್ಮಾಮೀಟರಿನ ಪಾದರಸ ಇಳಿಸುವ ದಾದಿಯ ಹಾಗೆ.
ಆಮೇಲೆ ಒಂದು ದಿನ ಸೌತೆಯ ಜಾಡಿಯ ಮುಚ್ಚಳ
ತಿರುಗಲೊಲ್ಲೆ ಅಂದಿತು.
ಒಬ್ಬಳೇ ಇರುವ ಮನೆ. ಜಾಡಿ ಹಾಗೇ ಇದೆ.

ಗುರುವಾರ ಉರ್ವೆ ಬಂದಳು,
ಒದ್ದೆ ಬೂಟು, ಕುತ್ತಿಗೆಗೆ ದರ್ಜಿಯ ಟೇಪು.
'ನಾನಿಲ್ಲ ಅಂದುಕೋ ಮೈಮು, ಟೈಪು ಮಾಡು' ಅಂದು
ಬೆನ್ನ ಹಿಂದೆ ನಿಂತಳು. ಬಹಳ ಹೊತ್ತು ನಿಂತಳು.
'ಹೆಗಲಿಗೂ ಕಿವಿಗೂ ಏನಷ್ಟು ಗುಟ್ಟು?'
ಆಮೇಲೆ, ಮೆಲ್ಲಗೆ, 'ಕಾಲೆಲ್ಲಿ?'

ಬಗ್ಗಿ ನೋಡಿದೆ.
ನೇತಾಡುತ್ತಿದ್ದವು,
ಹಲ್ಲು ಕೀಳಿಸಲು ಕೂರಿಸಿದ ಮಗುವಿನವು.

ಅವಳು ಸನ್ನೆ ಎಳೆದಳು. ಉಸ್ಸ್...
ಹನ್ನೊಂದು ವರ್ಷ ಕಟ್ಟಿಟ್ಟ ಉಸಿರು ಲೆಂಬಿಟ್‌ನದು.
ನೆಲ ಬಂತು. ಆದರೆ ಮೇಜು ಎದೆಗೆ ಬಂತು!
ಓಕ್ ಮರದ ಮೇಜು, ಸರ್ಕಾರಿ ನಂಬರು ಬಡಿದದ್ದು,
ಕಾಲು ಕತ್ತರಿಸಲು ಮೂರು ಸಹಿ ಬೇಕು.
ನಕ್ಕೆವು. ಮತ್ತೆ ಏರಿಸಿದಳು ಕುರ್ಚಿಯನ್ನು,
ಮೊಳಕೈ ಮೇಜಿಗೆ ಸಮ ಬರುವಷ್ಟು,
ಅಂದರೆ ಹೆಚ್ಚುಕಡಿಮೆ ಮೊದಲಿದ್ದಷ್ಟೇ.
ಪರದೆಯನ್ನು ಒಂದು ತೋಳು ದೂರ ಸರಿಸಿದಳು,
ಮೇಲಂಚು ಹುಬ್ಬಿಗೆ.
ಕೀಲಿಮಣೆಯ ಹಿಂಗಾಲು ಮಡಚಿದಳು, ಮಣಿಕಟ್ಟು ಬಾಗದಿರಲಿ ಅಂತ.
ಯಾವ ಗೇಣು, ಯಾವ ಮೊಳ? ನನ್ನವೇ.
ಅಂಗಡಿಯ ಗಜಕಡ್ಡಿ ಇದಕ್ಕೆ ಆಗುವುದಿಲ್ಲ.

ಕಾಲಿಗೆ?
ಉಗ್ರಾಣದಿಂದ ತಂದಳು ಯಾರಿಗೂ ಬೇಡದ
ತೊಂಬತ್ತೇಳರ ಟೆಲಿಫೋನ್ ಡೈರೆಕ್ಟರಿ, ಎರಡು,
ಕಂದು ಟೇಪು ಸುತ್ತಿ.
ಅದರಲ್ಲೆಲ್ಲೋ ಲೆಂಬಿಟ್ ಇದ್ದಾನೆ, ನಂಬರಿನ ಸಮೇತ.
ಬದುಕಿದ್ದಾನೆ, ಪೈಪ್ಸಿ ಸರೋವರದಲ್ಲಿ ಮೀನು ಹಿಡಿಯುತ್ತ.
ನಾನು ಕಾಲುಚೀಲದಲ್ಲೇ ಊರಿದ್ದೇನೆ ಅವನ ಮೇಲೆ, ಊರಿನ ಮೇಲೆ.

ಇಪ್ಪತ್ತೈದು ನಿಮಿಷಕ್ಕೊಮ್ಮೆ ಕೈ ಬಿಡಬೇಕು, ದೂರ ನೋಡಬೇಕು.
ಮೂರಕ್ಕೇ ಕತ್ತಲಾಗುವ ಕಾಲ, ದೂರದಲ್ಲಿ ಏನಿದೆ?
ದಫ್ತರವನ್ನೇ ನೋಡಿದೆ, ಓದದೆ, ಸುಮ್ಮನೆ.

ಆಗ ಕಂಡಿತು.
ಆ ಚಳಿಗಾಲದ ಪುಟಗಳಲ್ಲಿ, ವಾರಕ್ಕೆ ಹದಿನಾರು ಮಣ್ಣು,
ಪಾದ್ರಿಯ ಅಕ್ಷರ ಊದಿಕೊಳ್ಳುತ್ತವೆ,
ನಡುಗುತ್ತವೆ, ಮಸಿ ಚೆಲ್ಲುತ್ತವೆ,
ಮಾರ್ಚಿಯ ಎರಡನೇ ವಾರ ಒಮ್ಮೆಗೇ ಎಡಕ್ಕೆ ವಾಲುತ್ತವೆ,
ಒಂದನೇ ತರಗತಿಯ ಹುಡುಗನವು.
ಕೈ ಬದಲಿಸಿದ್ದಾನೆ.
ಮೂರು ಸಲ ತುಂಬಿದ್ದೆ ಈ ಪ್ಯಾರಿಷನ್ನು,
ಒಂದು ಹೆಸರೂ ತಪ್ಪಿಲ್ಲ,
ಇದನ್ನು ಕಂಡಿರಲಿಲ್ಲ.

ಇದಕ್ಕೆ ಚೌಕವಿಲ್ಲ.
ಷರಾ ಎಂಬಲ್ಲಿ ಬರೆದೆ: ಬರೆದವನ ಬಲಗೈ, ನೋವು.
ಮೇಲಿನವರು ಅಳಿಸಬಹುದು.

ಜೋಮು ಪೂರ್ತಿ ಹೋಗಿಲ್ಲ.
ಉಂಗುರಬೆರಳಿನ ಅರ್ಧ ವಾಪಸು ಬಂದಿದೆ.
ಮೌಸನ್ನು ಎಡಕ್ಕೆ ಇಟ್ಟಿದ್ದೇನೆ.
ಬಾಣ ತಡವರಿಸುತ್ತದೆ, ಬೇರೆ ಮಗುವಿನ ಹೆಸರಿಗೆ ಹೋಗುತ್ತದೆ,
ನಿಲ್ಲು ಅಂದರೆ ನಿಲ್ಲುವುದಿಲ್ಲ,
ಮತ್ತೆ ಬರುತ್ತದೆ.